ಜೊತೆಗಾತಿ ಇದ್ದರಷ್ಟೇ ಆಟ

ಸಂಜೆ ಆರು ಗಂಟೆ ಕಳೆಯಿತೆಂದರೆ ನಮ್ಮ ಊರುಗಳಲ್ಲಿ ಶಟಲ್ ಆಟ ಶುರು. ಮಣಿಪಾಲದ ವಸತಿ ಬಡಾವಣೆ ಇರಲಿ, ಕಾಪುವಿನ ಮನೆಯಂಗಳ ಇರಲಿ, ಕಾರ್ಕಳದ ಶಾಲಾ ಮೈದಾನದ ಮೂಲೆ ಇರಲಿ. ಎರಡು ಕಂಬ, ಒಂದು ನೆಟ್, ಮೇಲೊಂದು ದೀಪ ಇದ್ದರೆ ಸಾಕು. ಆಡುವವರು ಹೆಚ್ಚಾಗಿ ನಾಲ್ಕು ಮಂದಿ. ಕಾಯುವವರು ಇನ್ನೂ ನಾಲ್ಕು ಮಂದಿ. ಅಂದರೆ ನಮಗೆ ಶಟಲ್ ಎಂದರೆ ಡಬಲ್ಸೇ! ಸಿಂಗಲ್ಸ್ ಆಡಲು ಜಾಗವೂ ಸಾಲದು, ಸರದಿಯೂ ಸಿಕ್ಕದು.

ಆದರೆ ಇದೇ ಆಟವನ್ನು ಮಗಳು ಗಂಭೀರವಾಗಿ ಕಲಿಯಲು ಹೊರಟಳು ಎನ್ನಿ. ಒಂದು ದಿನ ಮನೆಗೆ ಬಂದು, ‘ಇನ್ನು ಮೇಲೆ ನಾನು ಡಬಲ್ಸ್ ಆಡಬೇಕಂತೆ, ಸರ್ ಹೇಳಿದರು’ ಎಂದರೆ ಹೆತ್ತವರ ಮುಖ ಸಪ್ಪಗಾಗುತ್ತದೆ. ಸಿಂಗಲ್ಸ್ ಆಡುವಷ್ಟು ಸಾಮರ್ಥ್ಯ ಮಗಳಲ್ಲಿ ಇಲ್ಲವೇ? ಎರಡನೆಯ ದರ್ಜೆಗೆ ತಳ್ಳಿದರೇ? ಇಷ್ಟು ವರ್ಷ ಬೆಳಗ್ಗೆ ಐದಕ್ಕೆ ಎದ್ದು ಕರೆದುಕೊಂಡು ಹೋದದ್ದು ಇದಕ್ಕೇನಾ? ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಬರುವ ಹೊತ್ತಿಗೇ ಈ ಪ್ರಶ್ನೆಯೂ ಬರುವುದರಿಂದ ಮನೆಯಲ್ಲಿ ನಿದ್ದೆಗೆಡುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕರ್ನಾಟಕದ ಮಗಳೊಬ್ಬಳು ಡಬಲ್ಸನ್ನೇ ಬದುಕಾಗಿಸಿಕೊಂಡು ಮೂರು ಒಲಿಂಪಿಕ್ಸ್ ಆಡಿದ ಕಥೆ ನಮ್ಮ ಕಣ್ಣ ಮುಂದಿದೆ. ಆಕೆ ಅಶ್ವಿನಿ ಪೊನ್ನಪ್ಪ.

ಇಪ್ಪತ್ತೆಂಟು ವರ್ಷಗಳ ಬಳಿಕ

ಬ್ಯಾಡ್ಮಿಂಟನ್ ಎಂದಾಕ್ಷಣ ನಮ್ಮ ಜಿಲ್ಲೆಯವರು ಎದೆಯುಬ್ಬಿಸಿ ಹೇಳುವ ಹೆಸರು ಪ್ರಕಾಶ್ ಪಡುಕೋಣೆ. ಹುಟ್ಟಿದ್ದು, ಬೆಳೆದದ್ದು ಬೆಂಗಳೂರಿನಲ್ಲೇ ಆದರೂ ಮನೆತನದ ಬೇರು ಇರುವುದು ಕುಂದಾಪುರದ ಬಳಿಯ ಪಡುಕೋಣೆಯಲ್ಲಿ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಅವರು 1983ರಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚಿನ ಪದಕ ತಂದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು.

ಎರಡನೆಯ ಪದಕಕ್ಕೆ ದೇಶ ಎಷ್ಟು ವರ್ಷ ಕಾಯಿತು ಗೊತ್ತೇ? ಇಪ್ಪತ್ತೆಂಟು! ಅದನ್ನು ತಂದವರು ಸಿಂಗಲ್ಸ್ ಆಟಗಾರರಲ್ಲ. 2011ರಲ್ಲಿ ಲಂಡನ್‌ನಲ್ಲಿ ನಡೆದ ಕೂಟದಲ್ಲಿ ಮಹಿಳೆಯರ ಡಬಲ್ಸ್‌ನಲ್ಲಿ ಕಂಚು ಗೆದ್ದ ಜ್ವಾಲಾ ಗುಟ್ಟಾ ಮತ್ತು ಅಶ್ವಿನಿ ಪೊನ್ನಪ್ಪ. ಅಲ್ಲಿಂದ ಮುಂದೆ 2025ರವರೆಗೆ ನಡೆದ ಒಂದೊಂದು ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಭಾರತಕ್ಕೆ ಒಂದಾದರೂ ಪದಕ ಬಂದಿದೆ. ಮುಚ್ಚಿದ್ದ ಬಾಗಿಲನ್ನು ಮತ್ತೆ ತೆರೆದದ್ದು ಒಂದು ಡಬಲ್ಸ್ ಜೋಡಿ ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ.

ಅಶ್ವಿನಿ ಕೊಡವ ಮನೆತನದವರು. 1989ರ ಸೆಪ್ಟೆಂಬರ್ 18ರಂದು ಬೆಂಗಳೂರಿನಲ್ಲಿ ಜನನ. 2010ರ ಅಕ್ಟೋಬರ್‌ನಲ್ಲಿ ದಿಲ್ಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದಾಗ ಅವರಿಗೆ 21 ವರ್ಷ. ಕೂಟದ ಕೊನೆಯ ದಿನ ಜ್ವಾಲಾ-ಅಶ್ವಿನಿ ಜೋಡಿ ಸಿಂಗಾಪುರದ ಜೋಡಿಯನ್ನು 21-16, 21-19ರಿಂದ ಸೋಲಿಸಿ ಚಿನ್ನ ಗೆದ್ದಿತು. ಅದೇ ದಿನ ಸೈನಾ ನೆಹ್ವಾಲ್ ಅವರೂ ಗೆದ್ದರು. ಭಾರತಕ್ಕೆ 38 ಚಿನ್ನ, ಇಂಗ್ಲೆಂಡಿಗೆ 37. ಪದಕಪಟ್ಟಿಯಲ್ಲಿ ಭಾರತ ಎರಡನೆಯ ಸ್ಥಾನಕ್ಕೆ ಏರಿದ್ದು ಒಂದೇ ಒಂದು ಚಿನ್ನದ ಅಂತರದಲ್ಲಿ. ಆ ಡಬಲ್ಸ್ ಚಿನ್ನ ಇಲ್ಲದಿದ್ದರೆ? ಲೆಕ್ಕ ನೀವೇ ಹಾಕಿ.

ಅಂಗಳ ಅದೇ, ಆಟ ಬೇರೆ

ಡಬಲ್ಸ್ ಎಂದರೆ ಸಿಂಗಲ್ಸ್ ಆಟವನ್ನು ಇಬ್ಬರು ಹಂಚಿಕೊಂಡು ಆಡುವುದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅದು ಬೇರೆಯದೇ ವಿದ್ಯೆ.

ಬ್ಯಾಡ್ಮಿಂಟನ್ ಅಂಕಣದ ಉದ್ದ 44 ಅಡಿ. ಸಿಂಗಲ್ಸ್‌ಗೆ ಅಗಲ 17 ಅಡಿ, ಡಬಲ್ಸ್‌ಗೆ 20 ಅಡಿ. ಅಂದರೆ ಆಡುವವರು ಇಮ್ಮಡಿಯಾದರೂ ಹೆಚ್ಚಿದ ಜಾಗ ಎರಡೂ ಬದಿ ಸೇರಿ ಮೂರೇ ಅಡಿ. ಆದ್ದರಿಂದ ಖಾಲಿ ಜಾಗ ಸಿಗುವುದು ಕಷ್ಟ, ಶಟಲ್ ತಿರುಗಿ ಬರುವ ವೇಗ ಹೆಚ್ಚು. ಇನ್ನೊಂದು ಸೂಕ್ಷ್ಮ ಇದೆ. ಡಬಲ್ಸ್‌ನಲ್ಲಿ ಸರ್ವ್ ಬೀಳಬೇಕಾದ ಚೌಕ ಹಿಂಬದಿಯಲ್ಲಿ ಎರಡೂವರೆ ಅಡಿ ಮೊಟಕು. ಸಿಂಗಲ್ಸ್‌ನಂತೆ ಎತ್ತರಕ್ಕೆ ಹಿಂದೆ ಹೊಡೆದರೆ ಎದುರಾಳಿ ಕಾದು ನಿಂತು ಸ್ಮ್ಯಾಶ್ ಮಾಡುತ್ತಾಳೆ. ಹೀಗಾಗಿ ನೆಟ್ಟಿಗೆ ತಾಗಿಯೂ ತಾಗದಂತೆ ಸಾಗುವ ಗಿಡ್ಡ ಸರ್ವ್ ಒಂದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಬೇಕು. ಸರ್ವ್ ಕೊಂಚ ಎತ್ತರವಾದರೂ ಪೆಟ್ಟು ತಿನ್ನುವುದು ಸರ್ವ್ ಮಾಡಿದವಳಿಗಿಂತ ಹಿಂದೆ ನಿಂತ ಜೊತೆಗಾತಿ!

ದಾಳಿ ಮಾಡುವಾಗ ಇಬ್ಬರೂ ಹಿಂದೆ ಮುಂದೆ ನಿಲ್ಲುತ್ತಾರೆ. ರಕ್ಷಣೆಗೆ ಇಳಿದಾಗ ಅಕ್ಕಪಕ್ಕ ನಿಲ್ಲುತ್ತಾರೆ. ಈ ಬದಲಾವಣೆ ಒಂದೊಂದು ಅಂಕದಲ್ಲೂ ಹಲವು ಬಾರಿ ಆಗುತ್ತದೆ. ಮಾತಾಡಲು ಸಮಯ ಇರುವುದಿಲ್ಲ. ಜ್ವಾಲಾ ಎಡಗೈ ಆಟಗಾರ್ತಿ, ಅಶ್ವಿನಿ ಬಲಗೈ. ನೆಟ್ಟಿನ ಬಳಿ ಜ್ವಾಲಾ ಅವರ ಚುರುಕು, ಹಿಂಬದಿಯಿಂದ ಅಶ್ವಿನಿ ಅವರ ಬಲವಾದ ಸ್ಮ್ಯಾಶ್. ಎಡ-ಬಲ ಜೋಡಿಗೆ ಕೋನಗಳು ಬೇರೆಯಾಗುವುದರಿಂದ ಎದುರಾಳಿಗಳಿಗೆ ಲೆಕ್ಕ ತಪ್ಪುತ್ತದೆ.

ಇದು ನಮ್ಮವರಿಗೆ ಹೊಸ ವಿಷಯವೇನಲ್ಲ. ಕಂಬಳದ ಕೋಣಗಳನ್ನು ಸಾಕಿದವರನ್ನು ಕೇಳಿ ನೋಡಿ. ಎರಡು ಗಟ್ಟಿ ಕೋಣಗಳನ್ನು ತಂದು ನೊಗಕ್ಕೆ ಕಟ್ಟಿದ ಮಾತ್ರಕ್ಕೆ ಒಳ್ಳೆಯ ಜೋಡಿಯಾಗುವುದಿಲ್ಲ. ಒಂದರ ಓಟ ಇನ್ನೊಂದಕ್ಕೆ ಹೊಂದಬೇಕು. ತಾಳಮದ್ದಳೆಯಲ್ಲೂ ಹಾಗೆಯೇ. ಎಷ್ಟೇ ವಾಗ್ಮಿಯಾದರೂ ಎದುರು ಕುಳಿತ ಅರ್ಥಧಾರಿಗೆ ಮಾತಿನ ಎಳೆ ಬಿಟ್ಟುಕೊಡಲು ಬಾರದವನಿಂದ ಪ್ರಸಂಗ ಕಳೆಗಟ್ಟದು. ಡಬಲ್ಸ್‌ನಲ್ಲಿ ಬಹಳಷ್ಟು ಹೊಡೆತಗಳು ಅಂಕ ಗಳಿಸಲಿಕ್ಕಾಗಿ ಅಲ್ಲ, ಜೊತೆಗಾತಿಗೆ ಅಂಕ ಗಳಿಸುವ ಅವಕಾಶ ಮಾಡಿಕೊಡಲಿಕ್ಕಾಗಿ. ಚಪ್ಪಾಳೆ ಸ್ಮ್ಯಾಶ್ ಹೊಡೆದವಳಿಗೆ, ಕೆಲಸ ಇಬ್ಬರದು.

ಒಂದು ಅಂಕದ ಅಂತರ

2012ರ ಲಂಡನ್ ಒಲಿಂಪಿಕ್ಸ್ ಕಥೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕೇಳಬೇಕು. ಆ ಬಾರಿ ಡಬಲ್ಸ್‌ನಲ್ಲಿ ಮೊದಲು ನಾಲ್ಕು ನಾಲ್ಕು ಜೋಡಿಗಳ ಗುಂಪು, ಗುಂಪಿನಿಂದ ಇಬ್ಬರಿಗೆ ಕ್ವಾರ್ಟರ್‌ಫೈನಲ್ ಎಂಬ ಪದ್ಧತಿ ಬಂತು. ಜ್ವಾಲಾ-ಅಶ್ವಿನಿ ಮೊದಲ ಪಂದ್ಯವನ್ನು ಜಪಾನಿನ ಜೋಡಿಗೆ ಸೋತರು. ಬಳಿಕ ಚೈನೀಸ್ ತೈಪೆಯ ಬಲಿಷ್ಠ ಜೋಡಿಯನ್ನು ಮೂರು ಗೇಮ್‌ಗಳ ಹೋರಾಟದಲ್ಲಿ ಮಣಿಸಿದರು. ಸಿಂಗಾಪುರದ ಜೋಡಿಯನ್ನೂ ಸೋಲಿಸಿದರು. ಮೂರರಲ್ಲಿ ಎರಡು ಗೆಲುವು.

ಆದರೆ ಜಪಾನ್ ಮತ್ತು ತೈಪೆ ಜೋಡಿಗಳಿಗೂ ಎರಡೆರಡು ಗೆಲುವು. ಗೇಮ್‌ಗಳ ಲೆಕ್ಕ ತೆಗೆದರು, ಅಂಕಗಳ ಲೆಕ್ಕ ತೆಗೆದರು. ಕೊನೆಗೆ ಒಂದೇ ಒಂದು ಅಂಕದ ವ್ಯತ್ಯಾಸದಲ್ಲಿ ಭಾರತದ ಜೋಡಿ ಹೊರಬಿತ್ತು! ತೈಪೆ ಜೋಡಿಯ ಎದುರು ಜಪಾನ್ ಜೋಡಿ ಮನಸ್ಸಿಟ್ಟು ಆಡಲಿಲ್ಲ ಎಂದು ಭಾರತ ದೂರು ಕೊಟ್ಟಿತು. ದೂರು ತಿರಸ್ಕೃತವಾಯಿತು. ಅದೇ ಜಪಾನ್ ಜೋಡಿ ಮುಂದೆ ಫೈನಲ್ ತನಕ ಹೋಗಿ ಬೆಳ್ಳಿ ಪದಕ ಗೆದ್ದಿತು.

ಆ ಕೂಟದಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಕ್ವಾರ್ಟರ್‌ಫೈನಲ್‌ನಲ್ಲಿ ಸುಲಭ ಎದುರಾಳಿ ಸಿಗಲಿ ಎಂದು ಬೇರೆ ಗುಂಪುಗಳ ಕೆಲವು ಜೋಡಿಗಳು ಬೇಕೆಂದೇ ಸೋಲಲು ಹೊರಟವು. ಸರ್ವನ್ನು ನೆಟ್ಟಿಗೆ ಹೊಡೆಯುವುದು, ಶಟಲನ್ನು ಗೆರೆಯಾಚೆ ಅಟ್ಟುವುದು. ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದರು. ಚೀನಾದ ಒಂದು, ದಕ್ಷಿಣ ಕೊರಿಯದ ಎರಡು, ಇಂಡೊನೇಷ್ಯಾದ ಒಂದು, ಹೀಗೆ ನಾಲ್ಕು ಜೋಡಿಗಳ ಎಂಟು ಆಟಗಾರ್ತಿಯರನ್ನು ಒಲಿಂಪಿಕ್ಸ್‌ನಿಂದಲೇ ಹೊರಹಾಕಲಾಯಿತು. ಆ ಬಳಿಕ ನಿಯಮವನ್ನೂ ತಿದ್ದಿದರು. ಗುಂಪಿನಲ್ಲಿ ಎರಡನೆಯ ಸ್ಥಾನ ಪಡೆದ ಜೋಡಿಗಳಿಗೆ ಎದುರಾಳಿ ಯಾರೆಂಬುದನ್ನು ಚೀಟಿ ಎತ್ತಿ ನಿರ್ಧರಿಸುವ ಕ್ರಮ ಬಂತು.

ಒಂದು ಕಡೆ ಗೆಲ್ಲಲು ಪ್ರಾಣ ಕೊಟ್ಟು ಆಡಿ ಒಂದು ಅಂಕಕ್ಕೆ ಎಡವಿದವರು. ಇನ್ನೊಂದು ಕಡೆ ಲೆಕ್ಕಾಚಾರ ಹಾಕಿ ಸೋಲಲು ಹೋಗಿ ಎಲ್ಲವನ್ನೂ ಕಳೆದುಕೊಂಡವರು. ಒಂದು ಅಂಕ ಎಂದರೆ ಎಷ್ಟು? ಮೊದಲ ಪಂದ್ಯದಲ್ಲಿ ಹೊರಗೆ ಹೋದ ಒಂದು ಸರ್ವ್. ಸೋತೆವು ಎಂದು ಖಚಿತವಾದ ಮೇಲೆ ಉದಾಸೀನದಿಂದ ಬಿಟ್ಟುಕೊಟ್ಟ ಒಂದು ಶಟಲ್. ಸೋಲುತ್ತಿರುವ ಪಂದ್ಯದಲ್ಲೂ ಪ್ರತಿ ಅಂಕಕ್ಕೆ ಬೆಲೆ ಇದೆ ಎಂಬುದು ಇಲ್ಲಿ ಅಕ್ಷರಶಃ ನಿಜವಾಯಿತು. ಪರೀಕ್ಷೆಯ ಕೊನೆಯ ಹತ್ತು ನಿಮಿಷ ಪೆನ್ನು ಮುಚ್ಚಿಟ್ಟು ಕೂರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಜೋಡಿ ಮುರಿದರೆ ಮತ್ತೆ ಒಂದರಿಂದ

ಡಬಲ್ಸ್ ಬದುಕಿನ ನಿಜವಾದ ಕಷ್ಟ ಇನ್ನೊಂದಿದೆ. ಬ್ಯಾಡ್ಮಿಂಟನ್‌ನಲ್ಲಿ ವಿಶ್ವ ಶ್ರೇಯಾಂಕ ಕೊಡುವುದು ಆಟಗಾರ್ತಿಗಲ್ಲ, ಜೋಡಿಗೆ. ಕಳೆದ 52 ವಾರಗಳಲ್ಲಿ ಆ ಜೋಡಿ ಆಡಿದ ಅತ್ಯುತ್ತಮ ಹತ್ತು ಟೂರ್ನಿಗಳ ಅಂಕ ಕೂಡಿಸುತ್ತಾರೆ. ಜೊತೆಗಾತಿ ಗಾಯಗೊಂಡರೆ ಅಥವಾ ನಿವೃತ್ತಳಾದರೆ ಆ ಶ್ರೇಯಾಂಕ ಅಲ್ಲಿಗೇ ನಿಲ್ಲುತ್ತದೆ. ಹೊಸ ಜೊತೆಗಾತಿಯೊಂದಿಗೆ ಶ್ರೇಯಾಂಕದ ಏಣಿಯನ್ನು ಕೆಳಗಿನ ಮೆಟ್ಟಿಲಿನಿಂದ ಹತ್ತಬೇಕು. ಹದಿನೈದು ವರ್ಷ ಆಡಿದವಳಿಗೂ ಇದೇ ನಿಯಮ.

ಅಶ್ವಿನಿ ಈ ಏಣಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ಹತ್ತಿದರು. ಜ್ವಾಲಾ ಜೊತೆ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ, ಅದೇ ವರ್ಷ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು, 2015ರಲ್ಲಿ ಕೆನಡಾ ಓಪನ್ ಪ್ರಶಸ್ತಿ. 2014ರಲ್ಲಿ ಊಬರ್ ಕಪ್ ತಂಡ ಸ್ಪರ್ಧೆಯಲ್ಲಿ ಕಂಚು ಗೆದ್ದ ಭಾರತ ತಂಡದಲ್ಲೂ ಇಬ್ಬರಿದ್ದರು. ಅಶ್ವಿನಿಗೆ 2012ರಲ್ಲೇ ಅರ್ಜುನ ಪ್ರಶಸ್ತಿ ಬಂದಿತ್ತು. ಆದರೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಗುಂಪಿನ ಮೂರೂ ಪಂದ್ಯ ಸೋತರು. ಆ ಜೋಡಿಯ ಅಧ್ಯಾಯ ಮುಗಿಯಿತು.

ಬಳಿಕ ಎನ್. ಸಿಕ್ಕಿ ರೆಡ್ಡಿ ಜೊತೆಯಾದರು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಇಬ್ಬರೂ ಕಂಚು ಗೆದ್ದರು. ಅದೇ ಕೂಟದ ಮಿಶ್ರ ತಂಡ ಫೈನಲ್‌ನಲ್ಲಿ ಮಲೇಷ್ಯಾ ವಿರುದ್ಧ ಹದಿಹರೆಯದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಅವರನ್ನು ಜೊತೆಗಿಟ್ಟುಕೊಂಡು ಮೊದಲ ಪಂದ್ಯ ಗೆದ್ದುಕೊಟ್ಟವರು ಅಶ್ವಿನಿ. ಭಾರತಕ್ಕೆ ತಂಡ ಚಿನ್ನ ಬಂತು. ಆದರೆ ಟೋಕಿಯೊ ಒಲಿಂಪಿಕ್ಸ್‌ಗೆ ಹೋಗುವ ಅವಕಾಶ ಅವರಿಗೆ ಸಿಗಲಿಲ್ಲ.

ಮೂವತ್ತು ದಾಟಿದೆ, ಒಲಿಂಪಿಕ್ಸ್ ತಪ್ಪಿದೆ. ಬಹುತೇಕರು ರ್‍ಯಾಕೆಟ್ ಬದಿಗಿಡುವ ಹೊತ್ತು. ಅಶ್ವಿನಿ ತನಗಿಂತ ಸುಮಾರು ಹದಿನಾಲ್ಕು ವರ್ಷ ಚಿಕ್ಕವಳಾದ ತನಿಷಾ ಕ್ರಾಸ್ತೊ ಜೊತೆ ಮತ್ತೆ ಕೆಳಗಿನಿಂದ ಶುರು ಮಾಡಿದರು. 2023ರಲ್ಲಿ ಅಬುಧಾಬಿ ಮಾಸ್ಟರ್ಸ್ ಗೆದ್ದರು, ಲಖನೌದ ಸಯ್ಯದ್ ಮೋದಿ ಟೂರ್ನಿಯಲ್ಲಿ ಫೈನಲ್ ತಲುಪಿದರು, ಡಿಸೆಂಬರ್‌ನಲ್ಲಿ ಗುವಾಹಟಿ ಮಾಸ್ಟರ್ಸ್ ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆಯೂ ಸಿಕ್ಕಿತು. ಒಬ್ಬರಿಗೆ 34, ಇನ್ನೊಬ್ಬರಿಗೆ 21.

ಪ್ಯಾರಿಸ್‌ನಲ್ಲಿ ಮೂರೂ ಪಂದ್ಯ ಸೋತರು. ಇದು ತನ್ನ ಕೊನೆಯ ಒಲಿಂಪಿಕ್ಸ್ ಎಂದು ಅಶ್ವಿನಿ ಕಣ್ಣೀರಿನ ನಡುವೆ ಹೇಳಿದರು. ಆ ಬಳಿಕ ಖರ್ಚಿನ ವಿಷಯವೂ ಸುದ್ದಿಯಾಯಿತು. ಸರಕಾರದ ಟಾಪ್ಸ್ ಯೋಜನೆಗೆ ತನ್ನನ್ನು ಸೇರಿಸಿದ್ದು ಒಲಿಂಪಿಕ್ಸ್ ಅರ್ಹತೆ ಸಿಕ್ಕ ಮೇಲೆ, 2023ರ ನವೆಂಬರ್ ತನಕ ಟೂರ್ನಿಗಳ ಖರ್ಚು ತಾನೇ ಹಾಕಿಕೊಂಡದ್ದು ಎಂದು ಅವರು ಬಹಿರಂಗವಾಗಿ ತಿಳಿಸಿದರು. ಅರ್ಜುನ ಪ್ರಶಸ್ತಿ, ವಿಶ್ವ ಪದಕ ಇದ್ದವರ ಪರಿಸ್ಥಿತಿ ಇದು. ಇದನ್ನು ಮಕ್ಕಳನ್ನು ಹೆದರಿಸಲು ಹೇಳುತ್ತಿಲ್ಲ. ಹೆತ್ತವರಿಗೆ ಲೆಕ್ಕ ಮೊದಲೇ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ಟೆನಿಸ್‌ನಲ್ಲಿ ಹೇಗೆ?

ಟೆನಿಸ್ ಆಡುವ ಹೆಣ್ಣುಮಕ್ಕಳ ಹೆತ್ತವರೂ ಇದೇ ಪ್ರಶ್ನೆ ಎದುರಿಸುತ್ತಾರೆ. ಅಲ್ಲಿ ಕಣ್ಣ ಮುಂದಿರುವ ಉದಾಹರಣೆ ಹೈದರಾಬಾದಿನ ಸಾನಿಯಾ ಮಿರ್ಜಾ. ಸಿಂಗಲ್ಸ್‌ನಲ್ಲಿ ಅವರು 2007ರಲ್ಲಿ ವಿಶ್ವದ 27ನೇ ಸ್ಥಾನದವರೆಗೆ ಏರಿದ್ದರು. ಮಣಿಕಟ್ಟು, ಮೊಣಕಾಲು ಎರಡೂ ಕೈಕೊಟ್ಟವು, ಶಸ್ತ್ರಚಿಕಿತ್ಸೆಗಳಾದವು. 2013ರಲ್ಲಿ ಸಿಂಗಲ್ಸ್ ಬಿಟ್ಟರು. ‘ಮುಗಿಯಿತು’ ಎಂದವರು ಬಹಳ. ಆದರೆ 2015ರ ಏಪ್ರಿಲ್‌ನಲ್ಲಿ ಅವರು ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು! ಒಟ್ಟು 91 ವಾರ ಆ ಸ್ಥಾನದಲ್ಲಿದ್ದರು. ಮಾರ್ಟಿನಾ ಹಿಂಗಿಸ್ ಜೊತೆ 2015ರ ವಿಂಬಲ್ಡನ್, ಅದೇ ವರ್ಷದ ಅಮೆರಿಕನ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್ ಗೆದ್ದರು. ಒಂದು ಹಂತದಲ್ಲಿ ಇಬ್ಬರೂ ಸತತ 41 ಪಂದ್ಯ ಗೆದ್ದಿದ್ದರು.

ಅಂಥ ಜೋಡಿಯೂ 2016ರ ಆಗಸ್ಟ್‌ನಲ್ಲಿ ಬೇರೆಯಾಯಿತು. ಕೂಡಲೇ ನಡೆದ ಸಿನ್ಸಿನಾಟಿ ಟೂರ್ನಿಯ ಫೈನಲ್‌ನಲ್ಲಿ ಹೊಸ ಜೊತೆಗಾತಿಯರೊಂದಿಗೆ ಇಬ್ಬರೂ ಎದುರುಬದುರಾದರು. ಗೆದ್ದದ್ದು ಸಾನಿಯಾ ಜೋಡಿ. ಆದರೆ ವರ್ಷಾಂತ್ಯದ ಡಬ್ಲ್ಯುಟಿಎ ಫೈನಲ್ಸ್‌ನಲ್ಲಿ ಮತ್ತೆ ಇಬ್ಬರೂ ಜೊತೆಯಾಗಿ ಆಡಿದರು. ಜೋಡಿ ಬಿಡುವುದು ಜಗಳವಲ್ಲ, ವೃತ್ತಿಯ ಒಂದು ತೀರ್ಮಾನ. ಬೇರೆಯಾದ ಮೇಲೂ ಮುಖ ನೋಡಿ ನಗುವಷ್ಟು ದೊಡ್ಡತನ ಉಳಿಸಿಕೊಳ್ಳಬೇಕು. 2018ರಲ್ಲಿ ಮಗುವಾದ ಮೇಲೆ 2020ರ ಜನವರಿಯಲ್ಲಿ ಸಾನಿಯಾ ಮರಳಿ ಬಂದು ಮೊದಲ ಟೂರ್ನಿಯನ್ನೇ ಗೆದ್ದರು. 2023ರ ಫೆಬ್ರವರಿಯಲ್ಲಿ ದುಬೈಯಲ್ಲಿ ಆಟ ಮುಗಿಸಿದರು.

ಅವರ ಕೊನೆಯ ಗ್ರ್ಯಾನ್‌ಸ್ಲಾಮ್ 2023ರ ಆಸ್ಟ್ರೇಲಿಯನ್ ಓಪನ್. ಮಿಶ್ರ ಡಬಲ್ಸ್‌ನಲ್ಲಿ ಫೈನಲ್ ತನಕ ಜೊತೆಗಿದ್ದವರು ನಮ್ಮ ಕೊಡಗಿನ ರೋಹನ್ ಬೋಪಣ್ಣ. ತನಗೆ 14 ವರ್ಷವಿದ್ದಾಗ ಮೊದಲ ಮಿಶ್ರ ಡಬಲ್ಸ್ ಜೊತೆಗಾರ ಕೂಡ ಇವರೇ ಎಂದು ಸಾನಿಯಾ ಅಲ್ಲಿ ನೆನೆದರು. ಬೋಪಣ್ಣ ಅವರದ್ದಂತೂ ತಾಳ್ಮೆಯ ಕಥೆ. ಕಾಫಿ ಬೆಳೆಗಾರರ ಮನೆಯ ಹುಡುಗ ಮೊದಲ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಗೆದ್ದದ್ದು 2017ರಲ್ಲಿ, 37ನೇ ವಯಸ್ಸಿನಲ್ಲಿ, ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ. ಪುರುಷರ ಡಬಲ್ಸ್ ಪ್ರಶಸ್ತಿ ಬಂದದ್ದು 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ, 43ನೇ ವಯಸ್ಸಿನಲ್ಲಿ! ಅದರ ಬೆನ್ನಿಗೇ ವಿಶ್ವದ ನಂಬರ್ ಒನ್. ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿ ಆ ಸ್ಥಾನಕ್ಕೆ ಏರಿದವರು ಬೇರೆ ಯಾರೂ ಇರಲಿಲ್ಲ. 2025ರ ನವೆಂಬರ್‌ನಲ್ಲಿ ಅವರು ನಿವೃತ್ತಿ ಘೋಷಿಸಿದರು.

ಟೆನಿಸ್‌ಗೂ ಬ್ಯಾಡ್ಮಿಂಟನ್‌ಗೂ ಇಲ್ಲಿ ಒಂದು ಮುಖ್ಯ ವ್ಯತ್ಯಾಸ ಗಮನಿಸಿ. ಟೆನಿಸ್ ಡಬಲ್ಸ್‌ನಲ್ಲಿ ಶ್ರೇಯಾಂಕ ಆಟಗಾರ್ತಿಯ ಸ್ವಂತದ್ದು. ಇಬ್ಬರ ಶ್ರೇಯಾಂಕ ಕೂಡಿಸಿ ಟೂರ್ನಿಗೆ ಪ್ರವೇಶ ಕೊಡುತ್ತಾರೆ. ಹಾಗಾಗಿ ಜೋಡಿ ಮುರಿದರೂ ಗಳಿಸಿದ ಅಂಕ ಕೈಯಲ್ಲೇ ಉಳಿಯುತ್ತದೆ. ಬ್ಯಾಡ್ಮಿಂಟನ್‌ನಲ್ಲಿ ಆ ಅನುಕೂಲ ಇಲ್ಲ.

ಹಣದ ಮಾತು

ಹಣದ ಮಾತು ಆಡದೆ ವೃತ್ತಿಯ ಮಾತು ಪೂರ್ತಿಯಾಗದು. 2015ರ ವಿಂಬಲ್ಡನ್‌ನಲ್ಲಿ ಸಿಂಗಲ್ಸ್ ಗೆದ್ದವರಿಗೆ ಸಿಕ್ಕಿದ್ದು 18 ಲಕ್ಷ 80 ಸಾವಿರ ಪೌಂಡ್. ಸಾನಿಯಾ-ಹಿಂಗಿಸ್ ಜೋಡಿಗೆ ಸಿಕ್ಕಿದ್ದು 3 ಲಕ್ಷ 40 ಸಾವಿರ ಪೌಂಡ್, ಅದೂ ಇಬ್ಬರಿಗೆ ಸೇರಿ. ತಲಾ 1 ಲಕ್ಷ 70 ಸಾವಿರ. ಹನ್ನೊಂದಕ್ಕೆ ಒಂದು ಪಾಲು!

ಬ್ಯಾಡ್ಮಿಂಟನ್‌ನಲ್ಲಿ ಈ ಅಂತರ ಅಷ್ಟಿಲ್ಲ. 2019ರ ಆಲ್ ಇಂಗ್ಲೆಂಡ್ ಟೂರ್ನಿಯ ಒಟ್ಟು ಬಹುಮಾನ 10 ಲಕ್ಷ ಡಾಲರ್. ಅದರಲ್ಲಿ ಸಿಂಗಲ್ಸ್ ವಿಜೇತರಿಗೆ 70,000, ಡಬಲ್ಸ್ ವಿಜೇತ ಜೋಡಿಗೆ 74,000. ತಲಾ 37,000, ಅಂದರೆ ಅರ್ಧಕ್ಕಿಂತ ಕೊಂಚ ಹೆಚ್ಚು. ಆದರೆ ಅಂಥ ದೊಡ್ಡ ಟೂರ್ನಿ ವರ್ಷಕ್ಕೆ ಬೆರಳೆಣಿಕೆಯಷ್ಟು. ಸಣ್ಣ ಟೂರ್ನಿಗಳಲ್ಲಿ ಮೊದಲ ಸುತ್ತಿನಲ್ಲೇ ಸೋತರೆ ವಿಮಾನದ ಟಿಕೆಟಿನ ದುಡ್ಡೂ ಹುಟ್ಟುವುದಿಲ್ಲ. ವಿಮಾನ, ಹೋಟೆಲ್, ತರಬೇತುದಾರರು, ಫಿಸಿಯೊಥೆರಪಿ, ರ್‍ಯಾಕೆಟ್, ಶೂ, ಎಲ್ಲವೂ ಗೆಲ್ಲುವ ಮೊದಲೇ ಆಗುವ ಖರ್ಚು. ರೈಲ್ವೆ, ತೈಲ ಕಂಪನಿಗಳು, ಆದಾಯ ತೆರಿಗೆ ಇಲಾಖೆ ಮುಂತಾದ ಕಡೆ ಕ್ರೀಡಾ ಕೋಟಾದ ನೌಕರಿ ಇದೆ. ಆದರೆ ಅದು ಸಿಗುವುದು ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಸಾಧನೆ ತೋರಿಸಿದ ಮೇಲೆ.

ಮನೆಯವರು ಏನು ಮಾಡಬೇಕು?

ಮೊದಲನೆಯದಾಗಿ, ಹದಿನಾಲ್ಕು ಹದಿನೈದರವರೆಗೆ ಮಗಳು ಎರಡೂ ಆಡಲಿ. ಸಿಂಗಲ್ಸ್ ಆಡಿದರೆ ಕಾಲು ಗಟ್ಟಿಯಾಗುತ್ತದೆ, ತನ್ನ ತಪ್ಪನ್ನು ತಾನೇ ಹೊರುವ ಅಭ್ಯಾಸವಾಗುತ್ತದೆ. ಡಬಲ್ಸ್ ಆಡಿದರೆ ಕೈ ಚುರುಕಾಗುತ್ತದೆ, ಇನ್ನೊಬ್ಬರ ತಪ್ಪನ್ನು ಸಹಿಸುವ ಅಭ್ಯಾಸವಾಗುತ್ತದೆ. ಯಾವುದು ಒಗ್ಗುತ್ತದೆ ಎಂಬುದು ಆಡುತ್ತಾ ಆಡುತ್ತಾ ತಿಳಿಯುತ್ತದೆ. ತರಬೇತುದಾರರು ಡಬಲ್ಸ್ ಎಂದರೆ ‘ಯಾಕೆ’ ಎಂದು ಸಮಾಧಾನದಿಂದ ಕೇಳಿ. ‘ಅವಳ ಕೈ ವೇಗವಾಗಿದೆ, ನೆಟ್ಟಿನ ಬಳಿ ಬುದ್ಧಿ ಓಡುತ್ತದೆ’ ಎಂಬ ಉತ್ತರ ಬಂದರೆ ಅದು ಹೊಗಳಿಕೆ. ‘ಸಿಂಗಲ್ಸ್‌ಗೆ ಸೀಟಿಲ್ಲ’ ಎಂಬ ಉತ್ತರ ಬಂದರೆ ಯೋಚಿಸಿ.

ಎರಡನೆಯದಾಗಿ, ಜೊತೆಗಾತಿಯ ಮನೆಯವರೊಂದಿಗೆ ನಿಮಗೂ ಒಳ್ಳೆಯ ಸಂಬಂಧ ಇರಲಿ. ಎಷ್ಟೋ ಎಳೆಯ ಜೋಡಿಗಳು ಮುರಿಯುವುದು ಅಂಕಣದೊಳಗಲ್ಲ, ಗ್ಯಾಲರಿಯಲ್ಲಿ! ‘ನನ್ನ ಮಗಳು ಚೆನ್ನಾಗಿಯೇ ಆಡಿದಳು, ಅವಳೇ ಬಿಟ್ಟದ್ದು’ ಎಂಬ ಒಂದು ಮಾತು ಸಾಕು. ಮಕ್ಕಳು ಪಂದ್ಯ ಸೋತ ಐದು ನಿಮಿಷಕ್ಕೆ ಐಸ್‌ಕ್ರೀಂ ತಿನ್ನುತ್ತಾ ನಗುತ್ತಿರುತ್ತಾರೆ. ದೊಡ್ಡವರು ಆರು ತಿಂಗಳು ಮಾತು ಬಿಟ್ಟಿರುತ್ತಾರೆ.

ಮೂರನೆಯದಾಗಿ, ಓದು ಬಿಡಿಸಬೇಡಿ. ಡಬಲ್ಸ್ ಬದುಕು ದೀರ್ಘವಾಗಬಹುದು ಎಂಬುದಕ್ಕೆ ಬೋಪಣ್ಣ ಸಾಕ್ಷಿ. ಆದರೆ ಒಂದು ಮಣಿಕಟ್ಟು ನೋವು ಅದನ್ನು ಇಪ್ಪತ್ತಕ್ಕೇ ಮುಗಿಸಲೂಬಹುದು. ಪರೀಕ್ಷೆ ಮತ್ತು ಟೂರ್ನಿ ಒಂದೇ ವಾರ ಬಂದರೆ ಶಾಲೆಯೊಂದಿಗೆ ಮೊದಲೇ ಮಾತಾಡಿ. ಬೇಕಾದರೆ ರಾಷ್ಟ್ರೀಯ ಮುಕ್ತ ಶಾಲಾ ವ್ಯವಸ್ಥೆಯ ದಾರಿಯೂ ಇದೆ. ಆಟದ ಸುತ್ತಮುತ್ತಲೇ ಓದಿನ ದಾರಿಗಳೂ ಹಲವಾಗಿವೆ. ಮಣಿಪಾಲದಲ್ಲೇ ಫಿಸಿಯೊಥೆರಪಿ ಕಲಿಯಬಹುದು. ತರಬೇತುದಾರರಾಗಲು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಡಿಪ್ಲೊಮಾ ಇದೆ. ಅಂಪೈರ್ ಪರೀಕ್ಷೆಗಳಿವೆ. ಜ್ವಾಲಾ, ಸಾನಿಯಾ, ಬೋಪಣ್ಣ ಮೂವರೂ ತಮ್ಮ ಹೆಸರಿನ ಅಕಾಡೆಮಿ ಕಟ್ಟಿದ್ದಾರೆ ಎಂಬುದನ್ನೂ ನೆನಪಿಡಿ.

ನಾಲ್ಕನೆಯದಾಗಿ, ಖರ್ಚಿಗೆ ಒಂದು ಮಿತಿ ಮತ್ತು ಒಂದು ಗಡು ಮೊದಲೇ ಇಟ್ಟುಕೊಳ್ಳಿ. ಇಂತಿಷ್ಟು ವರ್ಷ, ಇಂತಿಷ್ಟು ಹಣ, ಆ ಬಳಿಕ ಕುಳಿತು ಯೋಚಿಸೋಣ ಎಂದು ಮಗಳ ಎದುರೇ ಮಾತಾಡಿ. ಅವಳಿಗೆ ಗೊತ್ತಾಗದಂತೆ ಸಾಲ ಮಾಡಿ, ಸೋತಾಗ ಅದನ್ನು ಆಡಿ ತೋರಿಸುವುದಕ್ಕಿಂತ ಇದು ಮೇಲು.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ಅಶ್ವಿನಿಯವರ ಪದಕಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ. ಒಂದೊಂದು ಪದಕದ ಪಕ್ಕದಲ್ಲೂ ಇನ್ನೊಂದು ಹೆಸರು ಇದೆ. ಜ್ವಾಲಾ, ಸಿಕ್ಕಿ, ಸಾತ್ವಿಕ್, ತನಿಷಾ. ಇಪ್ಪತ್ತೊಂದರಲ್ಲಿ ಅವರು ತನಗಿಂತ ಆರು ವರ್ಷ ಹಿರಿಯ ಆಟಗಾರ್ತಿಯ ಜೊತೆ ನಿಂತು ಕಲಿತರು. ಮೂವತ್ತನಾಲ್ಕರಲ್ಲಿ ಇಪ್ಪತ್ತೊಂದರ ಹುಡುಗಿಯ ಜೊತೆ ನಿಂತು ಕಲಿಸಿದರು. ಪ್ಯಾರಿಸ್‌ನಲ್ಲಿ ಪದಕ ಬರಲಿಲ್ಲ ನಿಜ. ಆದರೆ ಒಲಿಂಪಿಕ್ಸ್ ಅಂಕಣ ಹೇಗಿರುತ್ತದೆ, ಅಲ್ಲಿ ಸೋತ ಮೇಲೆ ತಲೆ ಎತ್ತಿ ಹೊರಬರುವುದು ಹೇಗೆ ಎಂಬುದು ಈಗ ತನಿಷಾಗೆ ಗೊತ್ತಿದೆ. ಅದನ್ನು ಆಕೆ ಮುಂದೆ ಇನ್ನೊಬ್ಬಳಿಗೆ ದಾಟಿಸುತ್ತಾಳೆ.

ಎಂಜಿನಿಯರಾಗಲಿ, ವೈದ್ಯೆಯಾಗಲಿ, ಶಿಕ್ಷಕಿಯಾಗಲಿ, ನಾಳೆ ನಿಮ್ಮ ಮಗಳು ದುಡಿಯುವುದು ಒಬ್ಬಳೇ ಅಲ್ಲ, ಇನ್ನೊಬ್ಬರ ಪಕ್ಕದಲ್ಲಿ ನಿಂತು. ತನ್ನ ಭಾಗ ತಪ್ಪದೆ ನೋಡಿಕೊಳ್ಳುವುದು, ಪಕ್ಕದವರು ಎಡವಿದಾಗ ಬೆನ್ನು ತಟ್ಟುವುದು, ಚಪ್ಪಾಳೆ ಅವರಿಗೆ ಬಿದ್ದಾಗ ಸಂತೋಷಪಡುವುದು ಯಾವ ಪಠ್ಯದಲ್ಲೂ ಅಂಕ ಕೊಟ್ಟು ಕಲಿಸುವ ವಿಷಯಗಳಲ್ಲ. ಆದ್ದರಿಂದ ಮುಂದಿನ ಸಲ ಮಗಳು ಪಂದ್ಯ ಮುಗಿಸಿ ಬಂದಾಗ ‘ಯಾರು ಬಿಟ್ಟದ್ದು?’ ಎಂದು ಕೇಳಬೇಡಿ. ‘ಇಬ್ಬರೂ ಚೆನ್ನಾಗಿ ಆಡಿದಿರಾ?’ ಎಂದು ಕೇಳಿ. ಜೊತೆಗಾತಿಯನ್ನೂ ಊಟಕ್ಕೆ ಕರೆಯಿರಿ.